ಬೂದಿಯಲ್ಲಿ ಮಣ್ಣಿನ ಲೆಕ್ಕ ಓದಿದ ವಿಜ್ಞಾನಿ: ಜಸ್ಟಸ್ ವಾನ್ ಲೀಬಿಗ್

ಪೀಠಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ರೈತರಿಗೆ ಬೂದಿ ಅಪರಿಚಿತ ವಸ್ತುವಲ್ಲ. ಒಲೆಯ ಬೂದಿಯಿಂದ ಪಾತ್ರೆ ಬೆಳಗುವುದು, ಬಿತ್ತನೆಗೆ ಎತ್ತಿಟ್ಟ ಕಾಳಿಗೆ ಬೂದಿ ಬೆರೆಸಿ ಹುಳು ಬೀಳದಂತೆ ಕಾಪಾಡುವುದು, ಹಿತ್ತಲಿನ ತರಕಾರಿ ಗಿಡಗಳ ಬುಡಕ್ಕೆ ಬೂದಿ ಹಾಕುವುದು ತಲೆಮಾರುಗಳಿಂದ ಬಂದ ರೂಢಿ. ಹೊಗೆಸೊಪ್ಪು ಹದಗೊಳಿಸುವ ಬ್ಯಾರನ್‌ಗಳಲ್ಲಿ ಸೌದೆ ಉರಿದು ಉಳಿಯುವ ಬೂದಿಯಂತೂ ಪ್ರತಿ ಹಂಗಾಮಿನಲ್ಲಿ ರಾಶಿ ಬೀಳುತ್ತದೆ.

ಇದೇ ಬೂದಿಯನ್ನು ಪ್ರಯೋಗಾಲಯದಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಲಾಗುತ್ತದೆ. ಗೊಬ್ಬರ, ಎಲೆ, ಹುಲ್ಲು, ಮೇವು ಮುಂತಾದ ಯಾವುದೇ ಸಾವಯವ ಮಾದರಿಯನ್ನು ಪೂರ್ಣವಾಗಿ ಸುಟ್ಟಾಗ ಉಳಿಯುವ ಬೂದಿಯ ಪ್ರಮಾಣವು ಆ ಮಾದರಿಯಲ್ಲಿ ಖನಿಜಾಂಶ ಎಷ್ಟಿತ್ತು, ಸಾವಯವ ಅಂಶ ಎಷ್ಟಿತ್ತು ಎಂಬುದನ್ನು ತಿಳಿಸುತ್ತದೆ. ಈ ಸರಳ ಪರೀಕ್ಷೆಗೆ ಕೃಷಿ ವಿಜ್ಞಾನದಲ್ಲಿ ದೊಡ್ಡ ಸ್ಥಾನ ತಂದುಕೊಟ್ಟವರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಜಸ್ಟಸ್ ವಾನ್ ಲೀಬಿಗ್ ಅಗ್ರಗಣ್ಯರು. ಅವರ ಜೀವನದಲ್ಲಿ ಬೂದಿಯು ಕಲಿಸಿದ ಸತ್ಯವೂ ಇದೆ; ಬೂದಿಯನ್ನಷ್ಟೇ ಅತಿಯಾಗಿ ನಂಬಿದ್ದರಿಂದ ಆದ ತಪ್ಪೂ ಇದೆ. ನಮ್ಮ ರೈತರಿಗೆ ಇವೆರಡೂ ಪಾಠಗಳೇ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಲೀಬಿಗ್ ಅವರು 1803ರ ಮೇ 12ರಂದು ಜರ್ಮನಿಯ ಡಾರ್ಮ್‌ಸ್ಟಾಟ್ ಪಟ್ಟಣದಲ್ಲಿ ಜನಿಸಿದರು. ತಂದೆಯವರದು ಬಣ್ಣ, ಔಷಧ ಸಾಮಗ್ರಿ ಮತ್ತು ರಾಸಾಯನಿಕಗಳ ವ್ಯಾಪಾರ. ಅಂಗಡಿಗೆ ಬೇಕಾದ ಹಲವು ಪದಾರ್ಥಗಳನ್ನು ಮನೆಯ ಕಾರ್ಯಾಗಾರದಲ್ಲಿಯೇ ತಯಾರಿಸಲಾಗುತ್ತಿತ್ತು. ಕುದಿಸುವುದು, ಸುಡುವುದು, ಸೋಸುವುದು, ತೂಗುವುದು ಇವೆಲ್ಲ ಬಾಲಕನಿಗೆ ಪುಸ್ತಕಕ್ಕಿಂತ ಮೊದಲೇ ಪರಿಚಯವಾದವು.

ಅವರಿಗೆ 13 ವರ್ಷವಾಗಿದ್ದಾಗ, ಅಂದರೆ 1816ರಲ್ಲಿ, ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿಯು ಸ್ಫೋಟಿಸಿ ಆಕಾಶಕ್ಕೆ ಚಿಮ್ಮಿಸಿದ ಧೂಳು ಮತ್ತು ಅನಿಲಗಳು ಬಿಸಿಲನ್ನು ತಡೆದಿದ್ದವು. ಬೆಳೆಗಳು ಹೊಲದಲ್ಲಿಯೇ ಕೊಳೆತವು. ಜರ್ಮನಿಯ ಅನೇಕ ಪ್ರಾಂತ್ಯಗಳಲ್ಲಿ ಜನರು ಹಸಿವಿನಿಂದ ನರಳಿದರು. ಆಹಾರದ ಅಭಾವವೆಂದರೇನು ಎಂಬುದನ್ನು ಅವರ ತಲೆಮಾರು ಕಣ್ಣಾರೆ ಕಂಡಿತು.

ಶಾಲೆಯ ಪಾಠದಲ್ಲಿ ಲೀಬಿಗ್ ಅವರಿಗೆ ಆಸಕ್ತಿ ಇರಲಿಲ್ಲ. ಶಾಲೆ ಬಿಟ್ಟು ಔಷಧ ತಯಾರಕರೊಬ್ಬರಲ್ಲಿ ಕೆಲಸ ಕಲಿಯಲು ಸೇರಿದರು. ಅಲ್ಲಿ ಸ್ಫೋಟಕ ಪದಾರ್ಥದೊಂದಿಗೆ ಪ್ರಯೋಗ ನಡೆಸಿ ಅನಾಹುತ ಮಾಡಿಕೊಂಡು ಮನೆಗೆ ಮರಳಿದರೆಂಬ ಕಥೆ ಪ್ರಚಲಿತದಲ್ಲಿದೆ. 1820ರಲ್ಲಿ ಬಾನ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ತಮ್ಮ ಪ್ರಾಧ್ಯಾಪಕ ಕಾಸ್ಟ್ನರ್ ಅವರನ್ನು ಅನುಸರಿಸಿ ಎರ್ಲಾಂಗೆನ್‌ಗೆ ತೆರಳಿದರು. 1822ರಲ್ಲಿ ಹೆಸ್ಸೆಯ ದೊರೆಯ ಧನಸಹಾಯದಿಂದ ಪ್ಯಾರಿಸ್‌ಗೆ ಹೋದರು. ಅಲ್ಲಿ ಗೇ-ಲುಸಾಕ್ ಅವರಂತಹ ಶ್ರೇಷ್ಠ ರಸಾಯನಶಾಸ್ತ್ರಜ್ಞರಿಂದ ನಿಖರವಾಗಿ ಅಳೆಯುವ ವಿದ್ಯೆಯನ್ನು ಕಲಿತರು. ಖ್ಯಾತ ವಿಜ್ಞಾನಿ ಅಲೆಕ್ಸಾಂಡರ್ ವಾನ್ ಹಂಬೋಲ್ಟ್ ಅವರು ಈ ಯುವಕನ ಪ್ರತಿಭೆಯನ್ನು ಗುರುತಿಸಿ ಶಿಫಾರಸು ಮಾಡಿದ್ದರಿಂದ, 1824ರಲ್ಲಿ ಕೇವಲ 21ನೆಯ ವಯಸ್ಸಿನಲ್ಲಿ ಗೀಸೆನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಗೀಸೆನ್ ಪ್ರಯೋಗಾಲಯ

ಗೀಸೆನ್ ಒಂದು ಚಿಕ್ಕ ಊರು. ಲೀಬಿಗ್ ಅವರಿಗೆ ದೊರೆತ ಪ್ರಯೋಗಾಲಯವು ಸೈನಿಕರು ಬಿಟ್ಟುಹೋದ ಕಾವಲು ಕಟ್ಟಡ. ಸೌಕರ್ಯಗಳು ಕಡಿಮೆ, ವೇತನವೂ ಅಲ್ಪ. ಆದರೂ ಅವರು ಅಲ್ಲಿ ಹೊಸದೊಂದು ಪದ್ಧತಿಯನ್ನು ಬೆಳೆಸಿದರು. ಅಂದಿನ ವಿದ್ಯಾರ್ಥಿಗಳು ಬಹುತೇಕ ಪ್ರಾಧ್ಯಾಪಕರ ಉಪನ್ಯಾಸ ಕೇಳಿ, ಅವರು ತೋರಿಸಿದ ಪ್ರಯೋಗ ನೋಡಿ ಹೋಗುತ್ತಿದ್ದರು. ಗೀಸೆನ್‌ನಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತಾನೇ ತಕ್ಕಡಿಯ ಮುಂದೆ ನಿಂತು ತೂಗಬೇಕು, ತಾನೇ ಸುಡಬೇಕು, ತಾನೇ ಲೆಕ್ಕ ಹಾಕಬೇಕು. ಇಂದು ನಮ್ಮ ಕೃಷಿ ಕಾಲೇಜುಗಳಲ್ಲಿ ನಡೆಯುವ ಪ್ರಾಯೋಗಿಕ ತರಗತಿಗಳ ಹಿಂದೆ ಈ ಪದ್ಧತಿಯ ಪ್ರಭಾವವಿದೆ. ಯುರೋಪಿನ ಹಲವು ದೇಶಗಳಿಂದ ಮತ್ತು ಅಮೆರಿಕದಿಂದ ವಿದ್ಯಾರ್ಥಿಗಳು ಬಂದರು. ಹಾಫ್‌ಮನ್, ಕೆಕುಲೆ, ಫ್ರೆಸೇನಿಯಸ್, ಗಿಲ್ಬರ್ಟ್ ಮುಂತಾದವರು ಅಲ್ಲಿ ತರಬೇತಾದವರೇ.

1831ರಲ್ಲಿ ಲೀಬಿಗ್ ಅವರು ಐದು ಗಾಜಿನ ಗುಂಡುಗಳುಳ್ಳ ಸಣ್ಣ ಉಪಕರಣವೊಂದನ್ನು ರೂಪಿಸಿದರು. ಸಾವಯವ ಪದಾರ್ಥವನ್ನು ಸುಟ್ಟಾಗ ಹೊರಡುವ ಇಂಗಾಲದ ಡೈಆಕ್ಸೈಡ್ ಅನಿಲವು ಗುಂಡುಗಳಲ್ಲಿರುವ ಕ್ಷಾರದ ದ್ರಾವಣದಲ್ಲಿ ಹೀರಲ್ಪಡುತ್ತದೆ. ಉಪಕರಣದ ತೂಕ ಎಷ್ಟು ಹೆಚ್ಚಿತೆಂದು ನೋಡಿದರೆ ಪದಾರ್ಥದಲ್ಲಿದ್ದ ಇಂಗಾಲದ ಲೆಕ್ಕ ಸಿಗುತ್ತದೆ. ಹಿಂದೆ ಬಹಳ ಕಾಲ ಹಿಡಿಯುತ್ತಿದ್ದ ವಿಶ್ಲೇಷಣೆಯು ಇದರಿಂದ ಸುಲಭವಾಯಿತು. ಹೀಗೆ, ಸುಟ್ಟಾಗ ಹಾರಿಹೋಗುವುದನ್ನು ಅಳೆಯುವ ವಿದ್ಯೆಯನ್ನು ಅವರು ಮೊದಲು ಕರಗತ ಮಾಡಿಕೊಂಡರು. ಸುಟ್ಟಮೇಲೆ ಉಳಿಯುವುದರ ಕಡೆಗೆ ಅವರ ಗಮನ ಹರಿದದ್ದು ನಂತರ.

ಬೂದಿಯಿಂದ ಹುಟ್ಟಿದ ಸಿದ್ಧಾಂತ

ಅಂದಿನ ಕಾಲದಲ್ಲಿ ಗಿಡಗಳು ಮಣ್ಣಿನಲ್ಲಿರುವ ಕೊಳೆತ ಸಾವಯವ ಪದಾರ್ಥವನ್ನೇ, ಅಂದರೆ ಹ್ಯೂಮಸ್ಸನ್ನೇ, ತಿಂದು ಬೆಳೆಯುತ್ತವೆ ಎಂಬ ನಂಬಿಕೆ ಪ್ರಬಲವಾಗಿತ್ತು. ಆದರೆ ಗಿಡವನ್ನು ಸುಟ್ಟರೆ ಉಳಿಯುವ ಬೂದಿಯಲ್ಲಿ ಪೊಟ್ಯಾಷ್, ಸುಣ್ಣ, ಮೆಗ್ನೀಷಿಯಂ, ರಂಜಕ, ಸಿಲಿಕಾ ಮೊದಲಾದ ಖನಿಜಗಳಿರುವುದನ್ನು ಸ್ವಿಟ್ಜರ್‌ಲೆಂಡಿನ ಡಿ ಸೋಸ್ಯೂರ್ ಅವರು 1804ರಲ್ಲಿಯೇ ತೋರಿಸಿದ್ದರು. ಜರ್ಮನಿಯ ಕಾರ್ಲ್ ಸ್ಪ್ರೆಂಗೆಲ್ ಅವರು ಈ ಖನಿಜಗಳು ಗಿಡಕ್ಕೆ ಅಗತ್ಯವಾದ ಆಹಾರವೆಂದು ವಾದಿಸಿದ್ದರು.

ಈ ವಿಚಾರಗಳನ್ನು ಒಗ್ಗೂಡಿಸಿ, ಪ್ರಬಲವಾದ ವಾದವಾಗಿ ಜಗತ್ತಿನ ಮುಂದಿಟ್ಟವರು ಲೀಬಿಗ್. 1840ರಲ್ಲಿ ಪ್ರಕಟವಾದ, ಕೃಷಿಗೆ ರಸಾಯನಶಾಸ್ತ್ರದ ಅನ್ವಯವನ್ನು ಕುರಿತ ಅವರ ಗ್ರಂಥವು ಜರ್ಮನ್ ಭಾಷೆಯಲ್ಲಿಯೂ ಇಂಗ್ಲಿಷ್ ಅನುವಾದದಲ್ಲಿಯೂ ಬಹುಬೇಗ ಪ್ರಸಿದ್ಧವಾಯಿತು. ಗಿಡವು ಇಂಗಾಲವನ್ನು ಗಾಳಿಯಿಂದ ಪಡೆಯುತ್ತದೆ, ಖನಿಜಗಳನ್ನು ಮಣ್ಣಿನಿಂದ ಪಡೆಯುತ್ತದೆ. ಕೊಯ್ಲಿನೊಂದಿಗೆ ಹೊಲದಿಂದ ಹೊರಹೋದ ಖನಿಜಗಳನ್ನು ಮರಳಿ ಕೊಡದಿದ್ದರೆ ಮಣ್ಣು ಬಡವಾಗುತ್ತದೆ ಎಂಬುದು ಅದರ ತಿರುಳು. ಯಾವ ಬೆಳೆ ಎಷ್ಟು ಖನಿಜವನ್ನು ಒಯ್ಯುತ್ತದೆ ಎಂಬುದನ್ನು ತಿಳಿಯುವ ದಾರಿ ಅದರ ಬೂದಿಯ ವಿಶ್ಲೇಷಣೆ. ಗೀಸೆನ್‌ನಲ್ಲಿ ವಿಲ್ ಮತ್ತು ಫ್ರೆಸೇನಿಯಸ್ ಅವರು ಗಿಡಗಳ ಬೂದಿಯನ್ನು ವಿಶ್ಲೇಷಿಸುವ ಕ್ರಮಬದ್ಧ ವಿಧಾನವನ್ನು ರೂಪಿಸಿ 1844ರಲ್ಲಿ ಪ್ರಕಟಿಸಿದರು.

ಇದರೊಂದಿಗೆ ಕನಿಷ್ಠ ನಿಯಮವೂ ಲೀಬಿಗ್ ಅವರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಮೊದಲು ಸ್ಪ್ರೆಂಗೆಲ್ ಅವರು ಸೂಚಿಸಿದ್ದ ಈ ನಿಯಮದ ಪ್ರಕಾರ, ಬೆಳೆಯ ಇಳುವರಿಯನ್ನು ನಿರ್ಧರಿಸುವುದು ಹೇರಳವಾಗಿರುವ ಪೋಷಕಾಂಶವಲ್ಲ, ಅತ್ಯಂತ ಕೊರತೆಯಲ್ಲಿರುವ ಪೋಷಕಾಂಶ. ರಾಗಿಯ ಹೊಲದಲ್ಲಿ ಪೊಟ್ಯಾಷ್ ಕೊರತೆಯಿದ್ದರೆ ಯೂರಿಯಾವನ್ನು ಎಷ್ಟು ಸುರಿದರೂ ಪೂರ್ಣ ಫಲ ದೊರೆಯದು. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಗೊಬ್ಬರ ಹಾಕಬೇಕೆಂದು ನಾವು ಇಂದಿಗೂ ಹೇಳುವುದರ ಮೂಲ ಇಲ್ಲಿದೆ.

ಕರಗದ ಗೊಬ್ಬರ: ಮೊದಲ ತಪ್ಪು

ಲೀಬಿಗ್ ಅವರು ಸಿದ್ಧಾಂತವನ್ನು ಹೇಳಿ ಸುಮ್ಮನಾಗಲಿಲ್ಲ. 1845ರಲ್ಲಿ ಅವರ ಸೂತ್ರದಂತೆ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಖನಿಜ ಗೊಬ್ಬರದ ತಯಾರಿಕೆ ಆರಂಭವಾಯಿತು. ಬೂದಿಯಲ್ಲಿ ಕಾಣುವ ಖನಿಜಗಳೇ ಅದರಲ್ಲಿದ್ದವು. ಆದರೆ ಮಳೆಯ ನೀರಿನಲ್ಲಿ ಪೊಟ್ಯಾಷ್ ಕರಗಿ ಬಸಿದುಹೋಗಬಹುದೆಂಬ ಭಯದಿಂದ, ಅದನ್ನು ಇತರ ಪದಾರ್ಥಗಳೊಂದಿಗೆ ಕರಗಿಸಿ ಬೆಸೆದು, ಸುಲಭವಾಗಿ ನೀರಿನಲ್ಲಿ ಕರಗದಂತೆ ಮಾಡಲಾಗಿತ್ತು. ಫಲಿತಾಂಶ ನಿರಾಶಾದಾಯಕ. ಗೊಬ್ಬರ ಹೊಲದಲ್ಲಿತ್ತು, ಗಿಡದ ಬೇರಿಗೆ ದಕ್ಕಲಿಲ್ಲ. ಹಣ ಕೊಟ್ಟು ಕೊಂಡ ರೈತರಿಗೆ ಇಳುವರಿ ಬರಲಿಲ್ಲ.

ಕೆಲವೇ ವರ್ಷಗಳಲ್ಲಿ, 1850ರ ಸುಮಾರಿಗೆ, ಇಂಗ್ಲೆಂಡಿನ ಥಾಮಸ್ ವೇ ಅವರು ಮಣ್ಣಿಗೆ ಪೊಟ್ಯಾಷ್ ಮತ್ತು ಅಮೋನಿಯಾವನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ ಎಂದು ಪ್ರಯೋಗದಿಂದ ತೋರಿಸಿದರು. ಲೀಬಿಗ್ ಅವರ ಭಯ ಬಹುಮಟ್ಟಿಗೆ ಆಧಾರರಹಿತವಾಗಿತ್ತು. ಮಣ್ಣಿನ ಜೇಡಿ ಮತ್ತು ಸಾವಯವ ಅಂಶಗಳೇ ಈ ಹಿಡಿತಕ್ಕೆ ಕಾರಣ. ನಮ್ಮ ನಾಲ್ಕು ತಾಲ್ಲೂಕುಗಳ ಕೆಂಪು ಮರಳುಮಿಶ್ರಿತ ಹಗುರ ಮಣ್ಣಿನಲ್ಲಿ ಜೇಡಿಯೂ ಸಾವಯವ ಅಂಶವೂ ಕಡಿಮೆಯಿರುವುದರಿಂದ ಈ ಹಿಡಿತವೂ ಕಡಿಮೆ. ಆದುದರಿಂದ ಇಲ್ಲಿ ಗೊಬ್ಬರವನ್ನು ಕಂತುಗಳಲ್ಲಿ ಕೊಡುವುದೂ, ಕೊಟ್ಟಿಗೆ ಗೊಬ್ಬರ ಸೇರಿಸುವುದೂ ಅಗತ್ಯ.

ಹೊಗೆಯಲ್ಲಿ ಹೋದದ್ದು: ಎರಡನೆಯ ತಪ್ಪು

ಇದಕ್ಕಿಂತ ದೊಡ್ಡ ವಿವಾದ ಸಾರಜನಕದ ಕುರಿತಾದದ್ದು. ಗಿಡಕ್ಕೆ ಸಾರಜನಕ ಬೇಕೆಂಬುದು ಲೀಬಿಗ್ ಅವರಿಗೆ ತಿಳಿದಿತ್ತು. ಆದರೆ ಗಾಳಿಯಲ್ಲಿರುವ ಅಮೋನಿಯಾವು ಮಳೆಯೊಂದಿಗೆ ಹೊಲಕ್ಕೆ ಸಾಕಷ್ಟು ಇಳಿದು ಬರುತ್ತದೆ, ಬೂದಿಯಲ್ಲಿರುವ ಖನಿಜಗಳನ್ನು ಒದಗಿಸಿದರೆ ಸಾಕು ಎಂದು ಅವರು ನಂಬಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಲ್ಲಿ ಕ್ಷೇತ್ರ ಪ್ರಯೋಗಗಳನ್ನು ಆರಂಭಿಸಿದ ಲಾಸ್ ಮತ್ತು ಗಿಲ್ಬರ್ಟ್ ಅವರು ಬೇರೆಯದೇ ಚಿತ್ರವನ್ನು ಕಂಡರು. ಗೋಧಿಗೆ ಖನಿಜಗಳನ್ನಷ್ಟೇ ಕೊಟ್ಟ ತಾಕುಗಳಲ್ಲಿ ಇಳುವರಿ ಹೆಚ್ಚು ಏರಲಿಲ್ಲ. ಸಾರಜನಕವನ್ನೂ ಸೇರಿಸಿದ ತಾಕುಗಳಲ್ಲಿ ಏರಿತು. ಈ ಗಿಲ್ಬರ್ಟ್ ಅವರು ಗೀಸೆನ್‌ನಲ್ಲಿ ಲೀಬಿಗ್ ಅವರಿಂದಲೇ ಕಲಿತವರು. ಗುರು ಶಿಷ್ಯರ ನಡುವಿನ ಈ ವಾದ ವರ್ಷಗಟ್ಟಲೆ ಕಹಿಯಾಗಿ ನಡೆಯಿತು. ಹೊಲ ನೀಡಿದ ಉತ್ತರ ಶಿಷ್ಯನ ಪರವಾಗಿತ್ತು.

ತಪ್ಪಿನ ಮೂಲವನ್ನು ಇಂದು ನಾವು ಸುಲಭವಾಗಿ ಕಾಣಬಹುದು. ಗಿಡವನ್ನು ಸುಟ್ಟಾಗ ಇಂಗಾಲದೊಂದಿಗೆ ಸಾರಜನಕವೂ ಅನಿಲವಾಗಿ ಹೊರಟುಹೋಗುತ್ತದೆ. ಗಂಧಕದ ಒಂದು ಭಾಗವೂ ಹೋಗುತ್ತದೆ. ಬೂದಿಯ ಪಟ್ಟಿಯಲ್ಲಿ ಸಾರಜನಕಕ್ಕೆ ಜಾಗವೇ ಇಲ್ಲ. ಬೂದಿಯನ್ನು ನೋಡಿಕೊಂಡೇ ಬೆಳೆಯ ಆಹಾರವನ್ನು ನಿರ್ಧರಿಸಿದವನ ಲೆಕ್ಕದಲ್ಲಿ ಅತಿ ಮುಖ್ಯವಾದ ಒಂದು ಬಾಬ್ತು ಬಿಟ್ಟುಹೋಗುತ್ತದೆ. ಲೀಬಿಗ್ ಅವರು ನಿಧನರಾದ ಹತ್ತು ವರ್ಷಗಳ ನಂತರ, 1883ರಲ್ಲಿ, ಡೆನ್ಮಾರ್ಕಿನ ಕೆಲ್ಡಾಲ್ ಅವರು ಸಾರಜನಕವನ್ನು ಸುಲಭವಾಗಿ ಅಳೆಯುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಪ್ರಯೋಗಾಲಯಗಳಲ್ಲಿ ಬೂದಿಯ ಪರೀಕ್ಷೆ ಮತ್ತು ಸಾರಜನಕದ ಪರೀಕ್ಷೆ ಜೊತೆಜೊತೆಯಾಗಿ ನಡೆದು ಬಂದಿವೆ.

ಕೊನೆಯ ವರ್ಷಗಳು

1845ರಲ್ಲಿ ಹೆಸ್ಸೆಯ ದೊರೆಯಿಂದ ಬ್ಯಾರನ್ ಪದವಿ ಪಡೆದಿದ್ದ ಲೀಬಿಗ್ ಅವರು 1852ರಲ್ಲಿ ಬವೇರಿಯಾದ ರಾಜನ ಆಹ್ವಾನದ ಮೇರೆಗೆ ಮ್ಯೂನಿಕ್‌ಗೆ ತೆರಳಿದರು. ಕನ್ನಡಿಗೆ ಬೆಳ್ಳಿಯ ಲೇಪ ಕೊಡುವ ವಿಧಾನ, ಮಾಂಸದ ಸಾರ, ಶಿಶುಗಳ ಆಹಾರ ಹೀಗೆ ಅನೇಕ ವಿಷಯಗಳಲ್ಲಿ ಕೈಯಾಡಿಸಿದರು. ಆದರೆ ಕೊನೆಯವರೆಗೂ ಅವರನ್ನು ಕಾಡಿದ್ದು ಮಣ್ಣಿನ ಪ್ರಶ್ನೆ. ಮರಳಿ ಕೊಡದೆ ಬರಿದೇ ಪಡೆಯುವ ಬೇಸಾಯವನ್ನು ಅವರು ಮಣ್ಣಿನ ಲೂಟಿಯೆಂದೇ ಪರಿಗಣಿಸಿದರು. ಹಳ್ಳಿಗಳ ಧಾನ್ಯದೊಂದಿಗೆ ನಗರಕ್ಕೆ ಹೋದ ರಂಜಕ, ಪೊಟ್ಯಾಷ್‌ಗಳು ಚರಂಡಿಯ ಮೂಲಕ ಸಮುದ್ರ ಸೇರುತ್ತಿರುವುದನ್ನು ಖಂಡಿಸಿದರು. ನಗರದ ತ್ಯಾಜ್ಯವನ್ನು ಹೊಲಕ್ಕೆ ಮರಳಿಸುತ್ತಿದ್ದ ಚೀನಾ ಮತ್ತು ಜಪಾನ್ ದೇಶಗಳ ಬೇಸಾಯವನ್ನು ಮೆಚ್ಚಿ ಬರೆದರು.

1862ರಲ್ಲಿ ಹೊರಬಂದ ತಮ್ಮ ಗ್ರಂಥದ ಏಳನೆಯ ಆವೃತ್ತಿಯಲ್ಲಿ ಅವರು ಕರಗದ ಗೊಬ್ಬರದ ವಿಷಯದಲ್ಲಿ ತಾವು ತಪ್ಪಿದ್ದನ್ನು ಬಹಿರಂಗವಾಗಿ ಒಪ್ಪಿಕೊಂಡರು. ಪ್ರಕೃತಿಯು ಮಣ್ಣಿಗೆ ಕೊಟ್ಟಿದ್ದ ಗುಣವನ್ನು ಅರಿಯದೆ ಅದನ್ನು ತಿದ್ದಲು ಹೊರಟಿದ್ದಕ್ಕಾಗಿ ಪಶ್ಚಾತ್ತಾಪಪಟ್ಟರು. ವಾದದಲ್ಲಿ ಹಠಮಾರಿಯೆಂದು ಹೆಸರಾದವರೊಬ್ಬರು ಅರವತ್ತರ ಅಂಚಿನಲ್ಲಿ ಹೀಗೆ ಬರೆದದ್ದು ಸಣ್ಣ ಸಂಗತಿಯಲ್ಲ. 1873ರ ಏಪ್ರಿಲ್ 18ರಂದು ಅವರು ಮ್ಯೂನಿಕ್‌ನಲ್ಲಿ ನಿಧನರಾದರು. ಗೀಸೆನ್ ವಿಶ್ವವಿದ್ಯಾನಿಲಯವು ಇಂದು ಅವರ ಹೆಸರನ್ನು ಹೊತ್ತಿದೆ. ಅವರ ಹಳೆಯ ಪ್ರಯೋಗಾಲಯವು ವಸ್ತುಸಂಗ್ರಹಾಲಯವಾಗಿದೆ.

ಮೈಸೂರು ಸೀಮೆಗೆ ಬಂದ ವಿದ್ಯೆ

ಕೃಷಿ ರಸಾಯನಶಾಸ್ತ್ರವು ನಮ್ಮ ನಾಡಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಬ್ರಿಟಿಷ್ ಸರ್ಕಾರ ಕಳುಹಿಸಿದ ರಸಾಯನಶಾಸ್ತ್ರಜ್ಞ ಜಾನ್ ವೋಲ್ಕರ್ ಅವರು ಭಾರತದ ಕೃಷಿಯನ್ನು ಅಧ್ಯಯನ ಮಾಡಿ 1893ರಲ್ಲಿ ವರದಿ ಪ್ರಕಟಿಸಿದರು. ಗೊಬ್ಬರವಾಗಬೇಕಾದ ಸಗಣಿಯು ಬೆರಣಿಯಾಗಿ ಒಲೆ ಸೇರುತ್ತಿರುವುದನ್ನು ತಡೆಯಲು ಹಳ್ಳಿಗಳ ಬಳಿ ಸೌದೆಯ ತೋಪುಗಳನ್ನು ಬೆಳೆಸಬೇಕೆಂಬುದು ಅವರ ಸಲಹೆಗಳಲ್ಲಿ ಮುಖ್ಯವಾದುದು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ ಪ್ರಾಯೋಗಿಕ ಕೃಷಿಗಾಗಿ 30 ಎಕರೆ ಭೂಮಿ ನೀಡಿದರು. ಮಣ್ಣು ಮತ್ತು ಬೆಳೆಗಳ ಸಂಬಂಧವನ್ನು ಅಧ್ಯಯನ ಮಾಡಲು ರಸಾಯನಶಾಸ್ತ್ರಜ್ಞ ಡಾ. ಲೆಹ್ಮನ್ ಅವರು ನೇಮಕವಾದರು, ಪ್ರಯೋಗಾಲಯವೊಂದು ಆರಂಭವಾಯಿತು. ರಾಜ್ಯದ ಕೃಷಿ ಸಂಶೋಧನೆ ಈ ಬುನಾದಿಯ ಮೇಲೆ ಬೆಳೆದಿದೆ.

ಪ್ರಯೋಗಾಲಯದಲ್ಲಿ ಬೂದಿಯ ಪರೀಕ್ಷೆ

ಲೀಬಿಗ್ ಅವರ ಕಾಲದ ಇದ್ದಿಲು ಒಲೆಯ ಜಾಗದಲ್ಲಿ ಇಂದು ವಿದ್ಯುತ್ತಿನ ಮಫಲ್ ಕುಲುಮೆ ಇದೆ. ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ.

1. ಮಾದರಿಯನ್ನು 105 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸಿ, ನುಣ್ಣಗೆ ಪುಡಿ ಮಾಡಲಾಗುತ್ತದೆ.
2. ತೂಕ ತಿಳಿದಿರುವ ಪಿಂಗಾಣಿ ಅಥವಾ ಸಿಲಿಕಾ ಮೂಸೆಯಲ್ಲಿ 2ರಿಂದ 5 ಗ್ರಾಂ ಪುಡಿಯನ್ನು ತೂಗಿ, ಹೊಗೆ ನಿಲ್ಲುವವರೆಗೆ ನಿಧಾನವಾಗಿ ಕರಕಲು ಮಾಡಲಾಗುತ್ತದೆ.
3. ಮೂಸೆಯನ್ನು ಕುಲುಮೆಯಲ್ಲಿಟ್ಟು ಸುಮಾರು 550 ಡಿಗ್ರಿಯಲ್ಲಿ, ಕಪ್ಪು ಹೋಗಿ ಬಿಳಿ ಅಥವಾ ಬೂದು ಬಣ್ಣ ಬರುವವರೆಗೆ ಕೆಲವು ಗಂಟೆ ಸುಡಲಾಗುತ್ತದೆ. ಉಷ್ಣಾಂಶ ಅತಿಯಾದರೆ ಪೊಟ್ಯಾಷ್‌ನ ಕೆಲವು ಲವಣಗಳು ಆವಿಯಾಗತೊಡಗುತ್ತವೆ.
4. ತೇವ ಹೀರದಂತೆ ಶೋಷಕ ಪಾತ್ರೆಯಲ್ಲಿ ತಣಿಸಿ ತೂಗಲಾಗುತ್ತದೆ. 5 ಗ್ರಾಂ ಒಣ ಮಾದರಿಯಿಂದ 1.25 ಗ್ರಾಂ ಬೂದಿ ಉಳಿದರೆ ಬೂದಿಯ ಅಂಶ ಶೇ. 25, ಸಾವಯವ ಅಂಶ ಶೇ. 75.

ಸಾವಯವ ಅಂಶವನ್ನು 1.724ರಿಂದ ಭಾಗಿಸಿದರೆ ಸಾವಯವ ಇಂಗಾಲದ ಅಂದಾಜು ಸಿಗುತ್ತದೆ. ಕೊಂಡ ಕಾಂಪೋಸ್ಟಿನಲ್ಲಿ ಬೂದಿ ಶೇ. 80 ಇದ್ದರೆ ಸಾವಯವ ಅಂಶ ಶೇ. 20 ಮಾತ್ರ, ಇಂಗಾಲ ಸುಮಾರು ಶೇ. 11.6. ಅಂತಹ ಗೊಬ್ಬರದಲ್ಲಿ ಮಣ್ಣು ಬೆರೆತಿರುವ ಸಂಭವ ಹೆಚ್ಚು. ಆದರೆ ಚೆನ್ನಾಗಿ ಕಳಿತ ಗೊಬ್ಬರದಲ್ಲಿಯೂ ಬೂದಿಯ ಪ್ರಮಾಣ ಸಹಜವಾಗಿ ಏರುತ್ತದೆ. ಆದ್ದರಿಂದ ಬೂದಿಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ, ಕರಗದೆ ಉಳಿಯುವ ಮರಳು ಮತ್ತು ಸಿಲಿಕಾ ಎಷ್ಟೆಂದು ನೋಡಿ ನಿರ್ಧರಿಸಬೇಕು. ಭತ್ತದ ಹೊಟ್ಟಿನ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಅದರ ತೂಕದ ಸುಮಾರು ಐದನೇ ಒಂದು ಭಾಗ ಬೂದಿ, ಆ ಬೂದಿಯ ಬಹುಭಾಗ ಗಿಡವೇ ಹೀರಿದ ಸಿಲಿಕಾ.

ನಾಲ್ಕು ತಾಲ್ಲೂಕುಗಳ ರೈತರಿಗೆ

ಹೊಗೆಸೊಪ್ಪು ಪೊಟ್ಯಾಷ್ ಹೆಚ್ಚು ಬಯಸುವ ಬೆಳೆ. ಹದಗೊಳಿಸಿದ ಎಲೆಯಲ್ಲಿ ಪೊಟ್ಯಾಸಿಯಂ ಶೇ. 2ರಷ್ಟಿದ್ದರೆ, ಹರಾಜು ಕಟ್ಟೆಗೆ ಹೋಗುವ ಪ್ರತಿ 1000 ಕಿಲೋ ಎಲೆಯೊಂದಿಗೆ 20 ಕಿಲೋ ಪೊಟ್ಯಾಸಿಯಂ ಹೊಲ ಬಿಟ್ಟು ಹೋಗುತ್ತದೆ. ಅದನ್ನು ಮರಳಿ ಕೊಡುವಾಗ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಬಳಸಬಾರದು. ಅದರ ಕ್ಲೋರೈಡ್ ಎಲೆಯಲ್ಲಿ ಸೇರಿ ಉರಿಯುವ ಗುಣವನ್ನು ಕೆಡಿಸುತ್ತದೆ. ಸಲ್ಫೇಟ್ ಆಫ್ ಪೊಟ್ಯಾಷ್ ಸೂಕ್ತ. ಎಲೆಯ ಕ್ಲೋರೈಡನ್ನು ಬೂದಿಯಿಂದಷ್ಟೇ ತಿಳಿಯಲಾಗದು, ಸುಡುವಾಗ ಅದರ ಭಾಗ ನಷ್ಟವಾಗುತ್ತದೆ. ಅದಕ್ಕೆ ಪ್ರತ್ಯೇಕ ಪರೀಕ್ಷೆ ಇದೆ.

ಬ್ಯಾರನ್‌ನ ಸೌದೆ ಬೂದಿಯಲ್ಲಿ ಸುಣ್ಣವೂ ಪೊಟ್ಯಾಷೂ ಇವೆ. ಹುಳಿ ಮಣ್ಣಿಗೆ ಅದು ಉಪಕಾರಿ, ಕ್ಷಾರ ಮಣ್ಣಿಗೆ ಅಪಕಾರಿ. ಕೃಷ್ಣರಾಜನಗರದ ನಾಲೆ ನೀರಿನ ಗದ್ದೆಗಳಿಗೆ ಮಣ್ಣು ಪರೀಕ್ಷಿಸದೆ ಬೂದಿ ಹಾಕಬಾರದು. ಬೂದಿಯನ್ನು ಹಸಿ ಸಗಣಿಯೊಂದಿಗಾಗಲಿ ಯೂರಿಯಾದೊಂದಿಗಾಗಲಿ ಬೆರೆಸಬಾರದು. ಬೆರೆಸಿದರೆ ಸಾರಜನಕವು ಅಮೋನಿಯಾ ಆಗಿ ಹಾರಿಹೋಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು, ಸುಡುವ ಮುನ್ನ ಯೋಚಿಸುವುದು. 100 ಕಿಲೋ ಒಣ ಸಗಣಿಯಲ್ಲಿ ಸುಮಾರು ಒಂದರಿಂದ ಒಂದೂವರೆ ಕಿಲೋ ಸಾರಜನಕವಿರುತ್ತದೆ. ಬೆರಣಿಯಾಗಿ ಉರಿದರೆ ಅದು ಹೊಗೆಯ ಪಾಲು. ಭತ್ತದ ಹುಲ್ಲು, ಮುಸುಕಿನ ಜೋಳದ ದಂಟು, ಹತ್ತಿಯ ಕಡ್ಡಿಗಳನ್ನು ಹೊಲದಲ್ಲಿ ಸುಟ್ಟರೂ ಇದೇ ಗತಿ. ಬೂದಿಯಾಗಿ ಪೊಟ್ಯಾಷ್ ಉಳಿಯಬಹುದು, ಆದರೆ ಹಗುರ ಕೆಂಪು ಮಣ್ಣಿಗೆ ಅತ್ಯಗತ್ಯವಾದ ಸಾವಯವ ಇಂಗಾಲವೂ ಸಾರಜನಕವೂ ಮರಳಿ ಬಾರವು. ಇವನ್ನು ಕಾಂಪೋಸ್ಟ್ ಮಾಡಿ ಮಣ್ಣಿಗೆ ಸೇರಿಸುವುದು, ಅವರೆ, ಅಲಸಂದೆ, ಹುರುಳಿಯಂತಹ ದ್ವಿದಳ ಬೆಳೆಗಳನ್ನು ಬೆಳೆ ಸರದಿಯಲ್ಲಿ ತರುವುದು ಉತ್ತಮ ಮಾರ್ಗ.

ಬೂದಿಯು ಹೊಲದಿಂದ ಏನು ಹೊರಹೋಗಿದೆ ಎಂಬುದರ ಅರ್ಧ ಲೆಕ್ಕವನ್ನು ಪ್ರಾಮಾಣಿಕವಾಗಿ ಹೇಳುತ್ತದೆ. ಉಳಿದರ್ಧ ಹೊಗೆಯಲ್ಲಿ ಹೋಗಿರುತ್ತದೆ. ಆ ಉಳಿದರ್ಧವನ್ನು ಕಡೆಗಣಿಸಿದ್ದರ ಬೆಲೆಯನ್ನು ಲೀಬಿಗ್ ಅವರಂತಹ ಮಹಾವಿಜ್ಞಾನಿಯೂ ತೆತ್ತರು. ರೈತ ಬಾಂಧವರು ತಮ್ಮ ಮಣ್ಣು ಮತ್ತು ಗೊಬ್ಬರದ ಮಾದರಿಗಳನ್ನು ಬಿತ್ತನೆಗೆ ಮುನ್ನ ಪರೀಕ್ಷೆಗೆ ಕೊಟ್ಟು, ಬೂದಿ, ಸಾವಯವ ಇಂಗಾಲ ಮತ್ತು ಸಾರಜನಕ ಈ ಮೂರರ ಫಲಿತಾಂಶವನ್ನೂ ಒಟ್ಟಿಗೆ ನೋಡಿ ಗೊಬ್ಬರದ ಪ್ರಮಾಣವನ್ನು ನಿರ್ಧರಿಸಬೇಕು.